ಭಾವನ ಹಾಡುಗಳ ಫೋಲ್ಡರ್

ಹತ್ತು ಸಾವಿರ ಕಂಪ್ಯೂಟರುಗಳಿಗೆ ಮರುಜನ್ಮ ಕೊಟ್ಟವನು ನಾನು. ಕಣ್ಣು ಮುಚ್ಚಿಕೊಂಡೇ ಡಿಸ್ಕನ್ನು ಭಾಗ ಮಾಡಿ ಪಾರ್ಟಿಷನ್ ಮಾಡುತ್ತೇನೆ. ಅಂಥ ನನ್ನ ಅಂಗಡಿಗೆ ಅಕ್ಕ ತೀರಾ ನಿಧಾನವಾಗಿದ್ದ ತನ್ನ ಲ್ಯಾಪ್‌ಟಾಪ್ ತಂದಳು.

"ನಿನ್ನ ಭಾವ ಹೋದ್ಮೇಲೆ ಅವರ ದನಿ ಉಳಿದಿರೋದು ಇದರಲ್ಲೊಂದೇ ಕಣೋ. ಜೋಪಾನ."

"ಯಾರಿಗೆ ಹೇಳ್ತಿದೀಯ ಅಕ್ಕಾ!"

ಡಾಕ್ಯುಮೆಂಟ್ಸ್ ಎಲ್ಲವನ್ನೂ ಬೇರೆ ಪಾರ್ಟಿಷನ್ನಿಗೆ ಸಾಗಿಸಿ, ಹಳೆಯದನ್ನು ಅಳಿಸಿ ಹೊಸ ವಿಂಡೋಸ್ ಹಾಕಿದೆ. ಆಮೇಲೆ ಗೊತ್ತಾಯಿತು. ಭಾವನ ಹಾಡುಗಳನ್ನು ಅವಳು ಡಾಕ್ಯುಮೆಂಟ್ಸ್‌ನಲ್ಲಿಡದೆ ಡೆಸ್ಕ್‌ಟಾಪಿನ ಮೇಲಿಟ್ಟಿದ್ದಳು. ಅವೂ ಅಳಿಸಿಹೋಗಿದ್ದವು.

ಮೂರು ದಿನ ಅನ್ನ ನೀರು ಬಿಟ್ಟು ಹುಡುಕಿದೆ. ಒಂದು ಫೈಲೂ ಸಿಗಲಿಲ್ಲ. ಇನ್ನೂ ಹುಡುಕೋಣವೆಂದು ಆ ಡಿಸ್ಕನ್ನು ಬಿಚ್ಚಿ ನನ್ನಲ್ಲೇ ಇಟ್ಟುಕೊಂಡೆ. ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿ, ನಿಜ ಹೇಳಲು ಬಾಯಿ ಬಾರದೆ ಅಕ್ಕನಿಗೆ ಕೊಟ್ಟುಕಳಿಸಿದೆ.

ಮರುದಿನ ಮಟಮಟ ಮಧ್ಯಾಹ್ನ, ವೈರೇ ಇಲ್ಲದ ಹಳೆಯ ಡಿಸ್ಕಿನೊಳಗೆ ಟಿಕ್ ಟಿಕ್ ಶುರುವಾಯಿತು. ಮುಟ್ಟಿದರೆ ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ಅವರ ಹಾಡು ಎಲ್ಲಾ ಇದೆ ಕಣೋ! ಹಾಡೋ ಮುಂಚೆ ಕೆಮ್ತಿದ್ರಲ್ಲ, ಅದೂ ಇದೆ. ನಿನ್ನ ಬಡಾಯಿಗೆ ಇವತ್ತು ಮರ್ಯಾದೆ ಬಂತು ನೋಡು!"

ಫೋನಿಟ್ಟು, ಟಿಕ್ ಟಿಕ್ ಎನ್ನುತ್ತಿದ್ದ ಹಳೆಯ ಡಿಸ್ಕಿನತ್ತ ನೋಡಿದೆ. ಆ ಹೊಸ ಡಿಸ್ಕಿನ ಪ್ಯಾಕೆಟ್ ಒಡೆದವನು ನಾನೇ. ವಿಂಡೋಸ್, ಡಾಕ್ಯುಮೆಂಟ್ಸ್ ಬಿಟ್ಟು ನಾನು ಅದಕ್ಕೆ ಬೇರೇನನ್ನೂ ಹಾಕಿರಲಿಲ್ಲ.