ಮೈಯಳತೆಯ ಕಪಾಟು

“ಗೇಣು, ಮೊಳ ಅಂತ ಮೈಯಿಂದ ಅಳತೆ ಕೊಡಬೇಡಿ ಸಾರ್, ಈ ಹಲಗೆಗೆ. ಟೇಪ್ ಹಿಡಿದೇ ಅಳೀರಿ.”

ಹಳೆ ಮರ ಮಾರುವ ಮುದುಕ ಹೀಗೆಂದಾಗ ಪ್ರೂಫ್ ರೀಡರ್ ನಕ್ಕುಬಿಟ್ಟ. ಮೂವತ್ತೊಂದು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತನಾದವನು. ಆ ಬಡಾವಣೆಗೆ ಬಂದು ಇನ್ನೂ ಒಂದು ತಿಂಗಳಷ್ಟೇ ಆಗಿತ್ತು.

“ಯಾಕೆ, ಹಲಗೆಗೆ ಕಚಗುಳಿ ಆಗುತ್ತಾ?”

ಮುದುಕ ನಗಲಿಲ್ಲ. ಹಲಗೆಯ ಅಂಚು ತೋರಿಸಿದ. ಅಲ್ಲಿ ಕಪ್ಪು ದಾರದ ಗಂಟೊಂದನ್ನು ತಾಮ್ರದ ಮೊಳೆಯಿಂದ ಮರದೊಳಕ್ಕೆ ಹೊಡೆದು ಕೂರಿಸಲಾಗಿತ್ತು.

“ಅಣ್ಣ ತಮ್ಮ, ಇಬ್ಬರೂ ಬಡಗಿಗಳು. ತಮ್ಮ ಅಣ್ಣನ್ನ ಅಂಗಡಿಯಿಂದ ಹೊರಗೆ ಹಾಕಿದ. ಅಣ್ಣ ಹೋಗೋವಾಗ ಇದ್ದಬದ್ದ ಮರಕ್ಕೆಲ್ಲ ಮಾಟ ಮಾಡಿಸಿ ಹೋದ. ತಮ್ಮ ಎಂದಿನ ಹಾಗೆ ಮೊಳ ಹಾಕಿ ಅಳೆದ. ಗರಗಸ ಇಟ್ಟ…” ಮುದುಕ ಮಾತನ್ನು ಅಲ್ಲಿಗೇ ನುಂಗಿಕೊಂಡ. “ಮೈಯಳತೆಗೆ ಮಾಡೋದು ಎರಡೇ ಸಾರ್. ಒಂದು ಅಂಗಿ, ಇನ್ನೊಂದು ಶವದ ಪೆಟ್ಟಿಗೆ.”

“ಸುದ್ದಿಗೆ ಮೂಲ ಯಾರು?” ಎಂದು ಕೇಳಿದ ಪ್ರೂಫ್ ರೀಡರ್, ಉತ್ತರಕ್ಕೂ ಕಾಯದೆ ಹಲಗೆಗಳನ್ನು ಗಾಡಿಗೆ ಹಾಕಿಸಿದ.

ಮೂರನೇ ಮಹಡಿಯಲ್ಲಿ ಎರಡೇ ಕೋಣೆ. ಒಳಗಿನದಕ್ಕೆ ಕಿಟಕಿ ಇಲ್ಲ. ಮಧ್ಯಾಹ್ನವೂ ದೀಪ ಹಾಕಬೇಕು. ಅಲ್ಲಿ ಅವನ ನೂರ ನಲವತ್ತಮೂರು ಹಳೆಯ ಶಾಯಿ ಸೀಸೆಗಳು ರಟ್ಟಿನ ಡಬ್ಬಗಳಲ್ಲಿ ಬಿದ್ದಿದ್ದವು. ಹೆಂಡತಿ ಇದ್ದಾಗ ಅವಳು ಒಂದೊಂದನ್ನೂ ಒರೆಸಿ ಬೆಳಕಿಗಿಡುತ್ತಿದ್ದಳು. ಅವಳು ಹೋದ ಮೇಲೆ ಅವುಗಳನ್ನು ಬಿಚ್ಚಲು ಅವನಿಗೆ ಮನಸ್ಸಾಗಿರಲಿಲ್ಲ. ಗಾಜಿನ ಬಾಗಿಲಿನ ಒಂದು ಕಪಾಟಾದರೆ ಮನೆಯಲ್ಲಿ ನೋಡಲು ಏನಾದರೂ ಇರುತ್ತದೆ ಎಂದುಕೊಂಡಿದ್ದ.

ಟೇಪಿನಿಂದಲೇ ಶುರು ಮಾಡಿದ. ಆದರೆ ಅದರ ಇನ್ನೊಂದು ತುದಿ ಹಿಡಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ತುದಿ ಎರಡು ಸಲ ಜಾರಿತು. ಮೂರನೇ ಸಲ ಸರ್ರನೆ ಹಿಂದಕ್ಕೆ ಬಂದು ಹೆಬ್ಬೆರಳು ಕೊಯ್ದಿತು. “ಹಾಳಾಗಿ ಹೋಗು” ಎಂದು ಟೇಪನ್ನು ಮೂಲೆಗೆಸೆದ. ಕಪಾಟಿನ ಪಕ್ಕಕ್ಕೆ ಬರುವ ಹಲಗೆಯನ್ನು ಗೋಡೆಗೆ ನಿಲ್ಲಿಸಿ, ತಾನೂ ಬೆನ್ನು ಕೊಟ್ಟು ನಿಂತು, ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದ. ಬಾಗಿಲಿನ ಅಗಲಕ್ಕೆ ಒಂದು ಮೊಳ. ಅಡ್ಡಹಲಗೆಯಿಂದ ಅಡ್ಡಹಲಗೆಗೆ ಒಂದು ಗೇಣು. ನಾಲ್ಕು ದಿನದಲ್ಲಿ ಕಪಾಟು ಎದ್ದು ನಿಂತಿತು. ಮರದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಜ್ವರ ಬಂದವರ ಹಾಸಿಗೆಯದು.

ಎಡಗಡೆಯ ಬಾಗಿಲು ಬಿಗಿಯಾಗಿತ್ತು. ಉಜ್ಜುಗೊರಡು ಹಿಡಿದು ಅಂಚಿನಿಂದ ಕಾಲಿಂಚು ಸವರಿದ.

ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಎಡಗೈಯ ನಡುಬೆರಳಿಗೆ ಗುಂಡಿ ಸಿಗಲಿಲ್ಲ. ಬೆರಳಿನ ತುದಿ ಸಪಾಟಾಗಿತ್ತು. ಗಾಯವಿಲ್ಲ, ರಕ್ತವಿಲ್ಲ, ಉಗುರೂ ಇಲ್ಲ. ಸ್ಕೇಲು ಇಟ್ಟು ಎರಡೂ ಕೈಗಳ ಮೊಳ ಅಳೆದ. ಎಡಗಡೆ ಕಾಲಿಂಚು ಕಡಿಮೆ.

ಒಂದು ಸಲಕ್ಕೆ ನಂಬುವವನಲ್ಲ. ಕಪಾಟಿನ ಕೆಳಭಾಗದ ಸ್ಕ್ರೂ ಒಂದನ್ನು ಅರ್ಧ ಸುತ್ತು ತಿರುಗಿಸಿ ನೋಡಿದ. ಮೊಣಕಾಲಿನ ಚಿಪ್ಪು ಅರ್ಧ ಸುತ್ತು ತಿರುಗಿತು. ಅವನ ಕೂಗು ಮೂರು ಮಹಡಿಗೂ ಕೇಳಿಸಿರಬೇಕು. ಯಾರೂ ಬಾಗಿಲು ತಟ್ಟಲಿಲ್ಲ.

ಮರದಂಗಡಿಗೆ ಕುಂಟುತ್ತ ಬಂದವನನ್ನು ಕಂಡು ಮುದುಕ ಕಾರಣ ಕೇಳಲಿಲ್ಲ.

“ಸುಟ್ಟುಬಿಡ್ತೀನಿ ಅದನ್ನ.”

“ಸುಡಿ. ಉರಿಯೋರು ಯಾರು ಅಂತ ಯೋಚನೆ ಮಾಡಿ ಸುಡಿ.”

“ಮತ್ತೆ ಏನು ಮಾಡ್ಲಿ?”

“ಅದು ಒಂದು ಸಲಕ್ಕೆ ಒಂದೇ ಮೈ ಹಿಡಿಯುತ್ತೆ. ಹೊಸ ಅಳತೆ ಬಿದ್ರೆ ಹಳೇದನ್ನ ಬಿಡುತ್ತೆ.” ಮುದುಕ ದನಿ ತಗ್ಗಿಸಿದ. “ನಿಮಗೆ ಅಂತ ಯಾರಾದ್ರೂ ಇದ್ದಾರಾ?”

“ಒಬ್ಬಳು ತಂಗಿ” ಎಂದ ಪ್ರೂಫ್ ರೀಡರ್. ಹೇಳಿದ ಮೇಲೆ ಪ್ರಶ್ನೆ ಅರ್ಥವಾಯಿತು. ಮುದುಕ ಆಗಲೇ ಮುಖ ತಿರುಗಿಸಿದ್ದ.

ತಂಗಿಯನ್ನು ಕರೆಯಬಾರದೆಂದು ಒಂಬತ್ತು ದಿನ ಹಲ್ಲು ಕಚ್ಚಿ ಕೂತ. ಕಪಾಟಿಗೆ ಮೈ ತಗಲದಂತೆ ಗೋಡೆ ಹಿಡಿದು ಓಡಾಡಿದ. ಹತ್ತನೆಯ ದಿನ ಎದೆಯ ಮಟ್ಟದಲ್ಲಿ ಹಲಗೆಗೆ ಸೂಜಿಮೊನೆಯಷ್ಟು ತೂತು ಕಂಡಿತು. ಕೆಳಗೆ ಹಳದಿ ಹುಡಿ. ಕಿವಿಯಿಟ್ಟು ಕೇಳಿದ. ಕುರ್, ಕುರ್, ಕುರ್. ಅದೇ ಸದ್ದು ಪಕ್ಕೆಲುಬಿನ ಹಿಂದೆಯೂ ಇತ್ತು. ಕೆಮ್ಮಿದ. ಅಂಗೈ ತುಂಬ ಹಳದಿ ಹುಡಿ ಬಿತ್ತು. ಹುಳುವಿನ ಔಷಧಿ ಸುರಿಯೋಣವೆಂದು ಡಬ್ಬಿ ಎತ್ತಿದ. ಸುರಿಯುವುದು ಎಲ್ಲಿಗೆ? ಡಬ್ಬಿ ಕೆಳಗಿಟ್ಟು ಫೋನ್ ಎತ್ತಿದ.

ಭಾನುವಾರ ಮಧ್ಯಾಹ್ನ ತಂಗಿ ಬಂದಳು. ಎರಡು ವರ್ಷದ ಮೇಲೆ.

“ಬಾ ಅಂತ ನೀನೇ ಕರೆದೆಯಲ್ಲ, ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಇವತ್ತು?” ಚಪ್ಪಲಿ ಬಿಡುತ್ತಲೇ ಕೇಳಿದಳು. “ಎಷ್ಟು ಇಳಿದುಹೋಗಿದ್ದೀಯಣ್ಣಾ. ಮೂರು ಹೊತ್ತೂ ಶಾಯಿನೇ ಕುಡೀತೀಯಾ ಹೇಗೆ?”

ಕತ್ತಲೆ ಕೋಣೆಗೆ ತಾನೇ ನುಗ್ಗಿ ದೀಪ ಹಾಕಿದಳು. ಕಪಾಟು ನೋಡಿ ಅವಳ ಮುಖ ಅರಳಿತು. “ನೀನೇ ಮಾಡಿದ್ದಾ? ಅತ್ತಿಗೆ ನೋಡಬೇಕಿತ್ತು.”

ಅವನ ಎದೆಯೊಳಗೆ ಹುಳು ನಿಲ್ಲಲಿಲ್ಲ. ಕುರ್, ಕುರ್.

“ಇಲ್ಲಿ ಬಾ. ಇದಕ್ಕೆ ಬೆನ್ನು ಕೊಟ್ಟು ನಿಲ್ಲು.”

“ಯಾಕೆ?”

“ಸುಮ್ಮನೆ. ನಿನ್ನ ಎತ್ತರ ನೋಡ್ತೀನಿ.”

ಅವಳು ನಕ್ಕಳು. “ಐವತ್ತೆರಡು ನಂಗೆ. ಇನ್ನೂ ಬೆಳೀತಿದ್ದೀನಾ?” ಆದರೂ ಹೋಗಿ ನಿಂತಳು, ಹಿಮ್ಮಡಿ ಕೂಡಿಸಿ, ಗಲ್ಲ ಎತ್ತಿ, ಶಾಲೆಯ ಹುಡುಗಿಯಂತೆ.

ಪೆನ್ಸಿಲನ್ನು ಅವಳ ನೆತ್ತಿಯ ಮಟ್ಟಕ್ಕೆ ಹಿಡಿದ. ಬೇಡ. ಹೇಳಿಬಿಡಬೇಕು. ಓಡು ಎನ್ನಬೇಕು. ಬಾಯಿ ತೆರೆದ. ಹುಡಿ ಗಂಟಲಿಗೆ ಅಡರಿತು. ಉಸಿರಿಲ್ಲ. ಕಣ್ಣು ಕತ್ತಲಿಟ್ಟಿತು. ಉಸಿರಿಲ್ಲ.

ಗೆರೆ ಎಳೆದ.

ಗಾಳಿ ಎದೆ ತುಂಬ ಬಂತು. ಒಳಗೆ ಎಲ್ಲವೂ ಸ್ತಬ್ಧ.

ತಂಗಿ ಒಮ್ಮೆ ಕೆಮ್ಮಿದಳು. “ಧೂಳು ಜಾಸ್ತಿ ಆಗಿದೆ ನಿನ್ನ ಮನೇಲಿ. ನಾನು ವಾರಕ್ಕೊಂದು ಸಲ ಬಂದು ಒರೆಸಿ ಹೋಗ್ತೀನಿ ಬಿಡು. ಒಬ್ಬನೇ ಎಷ್ಟು ಅಂತ ಮಾಡ್ತೀಯ.”

“ಬೇಡ” ಎಂದ. “ಬರಬೇಡ. ಇನ್ನು ಬರಲೇಬೇಡ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲಿನ ತುಂಬ ಕೆಮ್ಮು. ಬೀದಿಯಲ್ಲಿ ಕೆಮ್ಮು. ಅವನು ಹೊರಗಿನ ಕೋಣೆಯ ಕಿಟಕಿ ಮುಚ್ಚಿದ.

ಕೆಮ್ಮು ನಿಲ್ಲಲಿಲ್ಲ. ಈಗ ಅದು ಒಳಗಿನ ಕೋಣೆಯ ಕಪಾಟಿನಿಂದ ಬರುತ್ತಿತ್ತು.