ಹೊಟ್ಟೆ ಸೀಳಿದ ಭ

“ಯಜಮಾನ್ರು ಬಂದಿಲ್ವಾ ಅಮ್ಮಾ?” ಪಿಂಚಣಿ ಕಚೇರಿಯ ನಾಲ್ಕನೇ ಕೌಂಟರಿನ ಗುಮಾಸ್ತ ತಲೆ ಎತ್ತದೆ ಕೇಳಿದ.

“ಕಾರ್ಡು ನಂದು, ಪಿಂಚಣಿ ನಂದು, ಕಣ್ಣೂ ನಂದೇ. ಮಧ್ಯದಲ್ಲಿ ಯಜಮಾನ್ರು ಯಾಕ್ರೀ ಬೇಕು?”

ಗುಮಾಸ್ತ ಈಗ ತಲೆ ಎತ್ತಿದ. ಎದುರಿಗಿದ್ದವಳಿಗೆ ಅರವತ್ತನಾಲ್ಕು ವರ್ಷ. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿ ನಿವೃತ್ತಳಾದವಳು. ಬಡಾವಣೆಯವರೆಲ್ಲ ಪ್ರೂಫ್ ಮೇಡಂ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳಲ್ಲಿ ಒಬ್ಬನಿಗೂ ತಪ್ಪಿಲ್ಲದೆ ಒಂದು ಪುಟ ಬರೆಯುವ ಯೋಗ್ಯತೆ ಇರಲಿಲ್ಲ ಎಂಬುದು ಆಕೆಯ ವಾದ.

ಜೊತೆಗೆ ಬಂದು ಹಿಂದೆ ನಿಂತಿದ್ದ ಸರ್ವೆಯರ್ ಮೀಸೆಯೊಳಗೇ ನಕ್ಕರು. ಆಕೆ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಈ ವಯಸ್ಸಿನ ಕಿವಿಗೆ ನಾಚಿಕೆ ಬೇರೆ ಕೇಡು ಎಂದು ತನ್ನ ಮೇಲೇ ರೇಗಿಕೊಂಡು ಆಕೆ ಗುಮಾಸ್ತನನ್ನು ಕೇಳಿದಳು:

“ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದ್ರೆ ಈ ಆರೋಗ್ಯ ಕಾರ್ಡಿನ ಗತಿ ಏನು?”

“ರದ್ದಾಗಲ್ಲ. ಅಲ್ಲಿ ನಡೆಯಲ್ಲ, ಅಷ್ಟೆ.”

“ಅಷ್ಟೆ ಅಂದ್ರೆ?”

“ಕಾರ್ಡು ಪಿಂಚಣಿ ಜೊತೆಗಿರತ್ತೆ ಅಮ್ಮಾ. ನಮ್ಮ ಪಟ್ಟಿಯ ಆಸ್ಪತ್ರೆಗಳೆಲ್ಲ ಈ ರಾಜ್ಯದೊಳಗಿವೆ. ಹೊರಗಡೆ ಹಾರ್ಟ್ ಅಟ್ಯಾಕು, ಆಕ್ಸಿಡೆಂಟು ಆದ್ರೆ ಬಿಲ್ ತನ್ನಿ, ನೋಡೋಣ. ನಿಮ್ಮ ಕಣ್ಣಿನ ಇಂಜೆಕ್ಷನ್ ತುರ್ತಲ್ಲ, ಮುಂಚೇನೇ ಗೊತ್ತಿರೋ ಚಿಕಿತ್ಸೆ. ಅದಕ್ಕೆ ಅಲ್ಲಿ ಏನೂ ಸಿಗಲ್ಲ.”

“ಅಂದ್ರೆ ಗಡಿಯಾಚೆ ಸಾಯೋಕೆ ಬಿದ್ರೆ ಸರ್ಕಾರ ನೋಡತ್ತೆ, ಕುರುಡಾದ್ರೆ ನೋಡಲ್ಲ.”

“ನಿಯಮ ಅಮ್ಮಾ.”

“ಆ ನಿಯಮದ ಕರಡು ತಿದ್ದಿದ್ದು ನಾನೇ ಕಣಪ್ಪ. ಆಗಲೂ ಇಷ್ಟೇ ದರಿದ್ರವಾಗಿತ್ತು. ನಾನು ಕಾಗುಣಿತ ಮಾತ್ರ ಸರಿಮಾಡಿ ಕಳಿಸಿದ್ದೆ.”

ಇಬ್ಬರೂ ಹೊರಬಂದು ಮೊದಲ ಮಹಡಿಯ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಆಕೆ ಅಲ್ಲಿ ತನ್ನ ಕೈಚೀಲ ಇಟ್ಟಳು.

ಸರ್ವೆಯರ್ ಆರು ವರ್ಷದಿಂದ ಪಕ್ಕದ ಮನೆಯವರು, ಕೇಂದ್ರ ಸರ್ಕಾರದ ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಪಕ್ಕದ ರಾಜ್ಯದಲ್ಲಿ ಒಬ್ಬರೇ ಇರುವ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದರು. ಒಂದನೇ ತಾರೀಕಿಗೆ ಇವರು ಅಲ್ಲಿಗೆ ಹೋಗಬೇಕು. ಹೋದ ಭಾನುವಾರ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ, “ನೀವೂ ಬಂದ್ಬಿಡಿ ಮೇಡಂ” ಎಂದಿದ್ದರು. ಯೋಚನೆ ಮಾಡ್ತೀನಿ ಎಂದವಳು ಯೋಚನೆ ಮಾಡಲು ಆರಿಸಿಕೊಂಡ ಜಾಗ ಈ ಕಚೇರಿ.

ತಂಗಿ ಫೋನಿನಲ್ಲಿ ನಕ್ಕಿದ್ದಳು: “ಪ್ರೀತಿ ಬಂದ ಹುಡುಗಿ ಇನ್ಶೂರೆನ್ಸ್ ವಿಚಾರಿಸ್ತಾಳೇನೇ ಅಕ್ಕಾ?”

“ಹುಡುಗೀರಿಗೆ ಕಣ್ಣು ಕಾಣತ್ತೆ. ಅದಕ್ಕೇ ವಿಚಾರಿಸಲ್ಲ.”

ಎಡಗಣ್ಣಿನ ನಟ್ಟನಡುವೆ ಒಂದು ಮಸಿ ಕಲೆ ಕೂತಿತ್ತು. ಬಲಗಣ್ಣಿಗೂ ಅದು ಶುರುವಾಗಿತ್ತು. ಎರಡು ತಿಂಗಳಿಗೊಂದು ಇಂಜೆಕ್ಷನ್ ಬಿದ್ದರೆ ಕಲೆ ಇದ್ದಲ್ಲೇ ಇರುತ್ತದೆ, ತಪ್ಪಿದರೆ ಹರಡುತ್ತದೆ.

ಸರ್ವೆಯರ್ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಕೈಚೀಲದ ಮೇಲಿಟ್ಟರು. “ನನ್ನ ಕಾರ್ಡು ಎರಡೂ ಕಡೆ ನಡೆಯತ್ತೆ. ನಿಮ್ಮನ್ನೂ ಅದಕ್ಕೆ ಸೇರಿಸಬಹುದು. ನಿಮ್ಮದನ್ನ ಮಾತ್ರ ಒಪ್ಪಿಸಬೇಕಾಗತ್ತೆ, ಮತ್ತೆ ವಾಪಸ್ ಕೊಡಲ್ಲ.”

ಆಕೆ ಹಾಳೆ ಬಿಡಿಸಿದಳು. ದಪ್ಪ ಪೆನ್ಸಿಲ್ ಅಕ್ಷರ. ಸಂಬಂಧ: ಪತ್ನಿ. ವರ್ಗ: ಅವಲಂಭಿತೆ.

“ಏನಿದು?”

“ಅರ್ಜಿ.”

“ಅದು ಕಾಣತ್ತೆ. ಮದುವೆ ಆಗ್ತೀರಾ ಅಂತ ಕೇಳ್ತಿದ್ದೀರೋ, ಕಾರ್ಡು ತೋರಿಸ್ತಿದ್ದೀರೋ?”

ಸರ್ವೆಯರ್ ಕನ್ನಡಕ ತೆಗೆದು, ಸ್ವಚ್ಛವಾಗಿದ್ದ ಗಾಜನ್ನೇ ಒರೆಸಿದರು. “ಎರಡೂ. ಮೊದಲು ಯಾವುದು, ಆಮೇಲೆ ಯಾವುದು ಅನ್ನೋದು ಸ್ವಲ್ಪ ತಲೆಕೆಳಗಾಯ್ತು.”

“ಪೆನ್ಸಿಲಲ್ಲಿ ಯಾಕೆ? ಅಳಿಸೋಕೆ ಸುಲಭ ಅಂತಲಾ?”

“ಸರ್ವೆಯವರು ನಾವು. ಪಕ್ಕದವರು ಒಪ್ಪೋವರೆಗೂ ಗೆರೆ ಪೆನ್ಸಿಲಲ್ಲೇ.”

ಆಕೆಗೆ ನಗು ಬಂತು. ಈ ಮನುಷ್ಯನಿಗೆ ಅದನ್ನು ತೋರಿಸಿ ಹಾಳುಮಾಡುವುದೇ? ಕೆಂಪು ಪೆನ್ನು ತೆಗೆದಳು.

“ಅವಲಂಬಿತೆಗೆ ಹೊಟ್ಟೆ ಸೀಳಿದ ಭ ಹಾಕಿದ್ದೀರಿ. ಸಾದಾ ಬ ಸಾಕಿತ್ತು. ಪಾಪದ ಅಕ್ಷರದ ಹೊಟ್ಟೆ ಯಾಕೆ ಸೀಳ್ತೀರಿ?” ಎನ್ನುತ್ತಲೇ ಇಡೀ ಪದದ ಮೇಲೆ ಗೆರೆ ಎಳೆದಳು. “ಬಿಡಿ, ಪದವೇ ಬೇಡ. ಇಷ್ಟು ವರ್ಷ ನನ್ನ ಅನ್ನ ನಾನು ತಿಂದು ಈಗ ಒಬ್ಬರ ಕಾರ್ಡಿನ ಬಾಲ ಆಗ್ಲಾ? ನೀವೊಬ್ರೇ ಹೋಗಿ. ಕಾರ್ಡನ್ನ ಅಕ್ಕನ ಊರಿಗೆ ವರ್ಗಾಯಿಸಿ ಅಂತ ಕೊನೆಯಲ್ಲಿ ಬರೆದೂ ಆಗಿದೆಯಲ್ಲ.”

“ಎಲ್ಲಿ ಬರೆದಿದ್ದೀನಿ?”

“ಇಲ್ಲಿ. ಯಾವ ಊರಿನ ಔಷಧಾಲಯ ಅನ್ನೋ ಕಡೆ.”

“ಓದಿ ನೋಡೋಣ.”

ಆ ಸಾಲು ಸಣ್ಣದಾಗಿ, ತೆಳುವಾಗಿ ಬರೆದದ್ದು. ಆಕೆ ಕತ್ತು ಓರೆ ಮಾಡಿದಳು. ಹಾಳೆಯನ್ನು ಹತ್ತಿರ ತಂದಳು, ದೂರ ಹಿಡಿದಳು. ಕಲೆ ಸಾಲಿನ ನಡುವನ್ನು ತಿಂದುಹಾಕಿತ್ತು. ಅದುವರೆಗೆ ಆಕೆ ಓದಿರಲಿಲ್ಲ, ಊಹಿಸಿದ್ದಳು. ಊಹಿಸಿ ಓದುವವರನ್ನು ಆಕೆ ಮುದ್ರಣಾಲಯದಲ್ಲಿ ನಾಯಿಗಿಂತ ಕಡೆಯಾಗಿ ಕಂಡಿದ್ದಳು.

“‘ಇದೇ ಊರು, ಬದಲಾವಣೆ ಬೇಡ’ ಅಂತಿದೆ ಮೇಡಂ,” ಸರ್ವೆಯರ್ ಮೆಲ್ಲಗೆ ಹೇಳಿದರು. “ನಿಮ್ಮ ಡಾಕ್ಟರು ಇಲ್ಲಿದ್ದಾರೆ. ಅದಕ್ಕೇ ನಾನೂ ಇಲ್ಲೇ ಇದ್ಬಿಡೋಣ ಅಂತ.”

“ಅಲ್ಲಿ ನಿಮ್ಮ ಅಕ್ಕನ್ನ ಹಾಸಿಗೆಯಿಂದ ಯಾರು ಎಬ್ಬಿಸ್ತಾರೆ? ತ್ಯಾಗ ಮಾಡೋ ಗಂಡಸರನ್ನ ಕಂಡ್ರೆ ಮೈ ಉರಿಯತ್ತೆ ನನಗೆ.” ಬೈಗುಳ ಸರಿಯಾಗೇ ಇತ್ತು, ದನಿ ಮಾತ್ರ ಕೈಕೊಟ್ಟಿತು.

“ಕಣ್ಣು ಯಾವಾಗಿಂದ ಹೀಗೆ?”

“ಒಂದು ಇಂಜೆಕ್ಷನ್ ತಪ್ತು.”

“ಯಾಕೆ?”

ಆಕೆ ಎದುರಿನ ಗೋಡೆ ನೋಡಿದಳು. “ಹೋದ ಸಲ ಕಣ್ಣಿಗೆ ಪಟ್ಟಿ ಕಟ್ಕೊಂಡು ಒಬ್ಳೇ ಬರೋವಾಗ ಆಸ್ಪತ್ರೆ ಮೆಟ್ಟಿಲಲ್ಲಿ ಬಿದ್ದೆ. ಜೊತೆಗೆ ಜನ ಇಲ್ದಿದ್ರೆ ಇನ್ಮೇಲೆ ಹಾಕಲ್ಲ ಅಂದ್ರು. ಈ ಸಲವೂ ಒಬ್ಳೇ ಹೋಗಿ ವಾಪಸ್ ಬಂದೆ.”

“ಗೋಡೆ ಪಕ್ಕದಲ್ಲೇ ಇದ್ದೆನಲ್ಲ ನಾನು!”

“ಕೇಳಿದ್ರೆ ಅದೇ ಆಗ್ತಿದ್ದೆ. ಈಗ ಹೊಡೆದುಹಾಕಿದೆನಲ್ಲ, ಆ ಪದ.”

ಸರ್ವೆಯರ್ ಆಕೆಯ ಕೈಯಿಂದ ಹಾಳೆ ತೆಗೆದುಕೊಂಡು ಮತ್ತೆ ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡರು.

“ಕೇಳಿ,” ಆಕೆ ಅಂದಳು. “ನಿಮ್ಮ ಕಾರ್ಡು ನಿಮ್ಮ ಹತ್ರ ಇರ್ಲಿ, ನಂದು ನನ್ನ ಹತ್ರ. ನಾನು ಅಲ್ಲಿಗೆ ಬರ್ತೀನಿ. ರೈಲಲ್ಲಿ ಐದು ಗಂಟೆ ದಾರಿ. ಎರಡು ತಿಂಗಳಿಗೊಂದ್ಸಲ ಇಲ್ಲಿಗೆ ಬಂದು ಇಂಜೆಕ್ಷನ್ ಹಾಕಿಸ್ಕೊಂಡು ಹೋಗೋದು. ಇದಕ್ಕೆ ಯಾವ ನಿಯಮಾನೂ ಅಡ್ಡ ಬರಲ್ಲ.”

“ಒಬ್ರೇನಾ?”

ಆಕೆ ಕೈಚೀಲವನ್ನು ಬೆಂಚಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಜಾಗ ಖಾಲಿಯಾಯಿತು.

“ಪಟ್ಟಿ ಕಟ್ಟಿದಾಗ ಮೆಟ್ಟಿಲು ಕಾಣಲ್ಲ. ಯಾರಾದ್ರೂ ಕೈ ಹಿಡೀಬೇಕು.” ತಡೆದು, ತನ್ನನ್ನೇ ತಿದ್ದಿಕೊಂಡಳು. “ಯಾರಾದ್ರೂ ಅಲ್ಲ. ನೀವು.”

“ಕೈ ಹಿಡೀತೀರಾ ಅಂತ ನೀವು ನನ್ನ ಕೇಳ್ತಿದ್ದೀರಾ ಮೇಡಂ?”

“ಮೆಟ್ಟಿಲಿಗೆ ಅಂದೆ.”

“ಮೆಟ್ಟಿಲಿಗೂ ಆಗಬಹುದು.” ಅವರು ಎದ್ದು ನಿಂತರು. “ತಪ್ಪಿದ ಇಂಜೆಕ್ಷನ್ನು ಇವತ್ತೇ ಆಗ್ಲಿ. ನಡೀರಿ ಆಸ್ಪತ್ರೆಗೆ.”

“ಇನ್ನೂ ಪಟ್ಟಿ ಕಟ್ಟಿಲ್ಲ,” ಚಾಚಿದ ಕೈಯನ್ನು ನೋಡಿ ಆಕೆ ಗೊಣಗಿದಳು.

“ಅಭ್ಯಾಸ ಆಗ್ಲಿ.”

ಕೆಳಗಿಳಿಯಲು ಹದಿನೆಂಟು ಮೆಟ್ಟಿಲು. ಕಿಟಕಿಯಿಂದ ಮಧ್ಯಾಹ್ನದ ಬೆಳಕು ಧಾರಾಳವಾಗಿ ಬೀಳುತ್ತಿತ್ತು, ಪ್ರತಿ ಮೆಟ್ಟಿಲಿನ ಅಂಚೂ ಆಕೆಗೆ ಕಾಣುತ್ತಿತ್ತು. ಕಾಣುವುದಿಲ್ಲ ಎಂಬಂತೆ, ಒಂದೊಂದನ್ನೂ ಕಾಲಿನಿಂದ ತಡವಿ ನಿಧಾನವಾಗಿ ಇಳಿದಳು.