ಯಾರದೋ ಚೀಟಿಗೆ ನನ್ನ ಪ್ರಾರ್ಥನೆ

"ಯಾವ ಪುಣ್ಯಾತ್ಮ ಮುಟ್ಟಿದ್ದಪ್ಪಾ ಈ ವಾಲ್ವನ್ನ!"

ಸ್ನಾನದ ಮನೆಯ ಬಾಗಿಲಲ್ಲಿ ನಿಂತಿದ್ದ ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಕನ್ನಡ! ಊರು ಬಿಟ್ಟು, ಎರಡು ವಿಮಾನ ಹತ್ತಿಳಿದು ಈ ಪರದೇಶಕ್ಕೆ ಬಂದು ಒಂಬತ್ತು ದಿನವಾಗಿತ್ತು. ಫೋನಿನಲ್ಲಲ್ಲದೆ ಎದುರೆದುರೇ ಕೇಳಿದ ಮೊದಲ ಕನ್ನಡ ಇದು. ಅದೂ ಬೈಗುಳ!

ಅವಳ ಬೆನ್ನ ಹಿಂದೆ ಟವೆಲ್ ಸುತ್ತಿಕೊಂಡ ಏಳು ಹುಡುಗಿಯರು ತಲೆತುಂಬ ಸೋಪಿನ ನೊರೆ ಹೊತ್ತು ನಡುಗುತ್ತಿದ್ದರು. ಮುಂದಿನ ಎರಡು ಹಲ್ಲು ಬಿದ್ದಿದ್ದ ಚಿಕ್ಕವಳಂತೂ ಕಣ್ಣಿಗೆ ನೊರೆ ಹೋಗಿ ಸೂರು ಹಾರಿಹೋಗುವಂತೆ ಅಳುತ್ತಿದ್ದಳು. ಬಿಸಿನೀರು ಸ್ವಲ್ಪ ಹೆಚ್ಚು ಬರಲಿ ಎಂದು ಇವಳು ಆ ವಾಲ್ವನ್ನು ಉಲ್ಟಾ ತಿರುಗಿಸಿದ್ದು ಇಡೀ ಹಾಸ್ಟೆಲ್ಲಿನ ನೀರನ್ನೇ ನಿಲ್ಲಿಸಿತ್ತು.

ಪೈಪುಗಳ ಕೆಳಗೆ ಮಲಗಿದ್ದ ಪ್ಲಂಬರನ ಬೂಟುಗಳಷ್ಟೇ ಹೊರಗೆ ಕಾಣುತ್ತಿದ್ದವು.

"ಆ ಪುಣ್ಯಾತ್ಮ ನಾನೇ," ಎಂದಳು ಅವಳು, ಮನಸ್ಸು ಗಟ್ಟಿ ಮಾಡಿಕೊಂಡು.

ಬೂಟುಗಳು ಅಲುಗದೆ ನಿಂತವು. ನಿಧಾನಕ್ಕೆ ಒಂದು ಗ್ರೀಸು ಮೆತ್ತಿದ ಮುಖ ಹೊರಬಂತು.

"ನೀವು... ಕನ್ನಡದವರಾ?"

"ಬೈಸಿಕೊಂಡ್ರೆ ಅರ್ಥ ಆಗೋವಷ್ಟು!"

ಅವನು ನಕ್ಕ. "ಹಾಗಾದ್ರೆ ಪುಣ್ಯಾತ್ಗಿತ್ತಿ ಅನ್ನಬೇಕಿತ್ತು. ತಪ್ಪಾಯ್ತು."

ನೀರು ಬಂತು. ಅಳು ನಿಂತಿತು. ಆದರೆ ಅವಳ ಎದೆ ಮಾತ್ರ ಯಾಕೋ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು...

ಅದೊಂದು ಕ್ರೈಸ್ತ ಬೋರ್ಡಿಂಗ್ ಶಾಲೆ. ಅವಳು ಚಿಕ್ಕ ಹುಡುಗಿಯರ ಹಾಸ್ಟೆಲ್ಲಿನ ಸಹಾಯಕಿ. ಇಪ್ಪತ್ತೆರಡು ಮಂಚ, ಇಪ್ಪತ್ತೆರಡು ಜಡೆ, ನಲವತ್ತನಾಲ್ಕು ಸಾಕ್ಸ್, ಅದರಲ್ಲಿ ದಿನಾ ಎರಡು ಕಾಣೆ! ಬೆಳಿಗ್ಗೆ ಆರಕ್ಕೆ ಗಂಟೆ ಬಾರಿಸುವುದರಿಂದ ಹಿಡಿದು ಹೇನಿನ ಬಾಚಣಿಗೆಯವರೆಗೆ ಎಲ್ಲಾ ಅವಳದೇ. ಐದು ವರ್ಷದಲ್ಲಿ ಇದು ಅವಳ ನಾಲ್ಕನೇ ಕೆಲಸ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೇ," ಎಂದು ಅಮ್ಮ ಪ್ರತಿ ಫೋನಿನಲ್ಲೂ ಹೇಳುತ್ತಿದ್ದಳು. ಸುಳ್ಳಲ್ಲ. ಮಂಚದ ಕೆಳಗಿನ ಸೂಟ್‌ಕೇಸನ್ನು ಅವಳು ಎಲ್ಲಿಯೂ ಪೂರ್ತಿ ಖಾಲಿ ಮಾಡಿದವಳೇ ಅಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಟರ್ಮಿನ ಮೊದಲ ವಾರ ಸಿಬ್ಬಂದಿಯವರೆಲ್ಲ ತಮ್ಮ ಒಂದೊಂದು ಕೋರಿಕೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಹೆಸರು ಹಾಕದೆ, ಪ್ರಾರ್ಥನಾಲಯದ ಮರದ ಪೆಟ್ಟಿಗೆಗೆ ಹಾಕಬೇಕು. ಭಾನುವಾರ ಒಬ್ಬೊಬ್ಬರೂ ಒಂದು ಚೀಟಿ ಎತ್ತಿಕೊಂಡು, ಟರ್ಮ್ ಮುಗಿಯುವವರೆಗೂ ದಿನಾ ಬೆಳಿಗ್ಗೆ ಆ ಚೀಟಿಗಾಗಿ ಪ್ರಾರ್ಥಿಸಬೇಕು. ಯಾರದೆಂದು ಕೇಳುವಂತಿಲ್ಲ.

'ನನ್ನ ಮನಸ್ಸು ಒಂದು ಕಡೆ ನಿಲ್ಲಲಿ' ಎಂದು ಅವಳು ಬರೆದು ಹಾಕಿದ್ದಳು. ವಾಲ್ವಿನ ರಾದ್ಧಾಂತವಾದ ಮರುದಿನವೇ ಚೀಟಿ ಎತ್ತುವ ಭಾನುವಾರ. ಅವಳ ಕೈಗೆ ಬಂದದ್ದರಲ್ಲಿ ಹೀಗಿತ್ತು:

'ಬೇರೆ ಕಡೆ ಕೆಲಸ ಸಿಗಲಿ. ಬೇಗ.'

ಅಯ್ಯೋ ಪಾಪ... ನನ್ನ ಹಾಗೇ ಯಾವುದೋ ತಳಮಳದ ಜೀವ! ಅವಳಿಗೆ ಕರುಳು ಚುರುಕ್ಕೆಂದಿತು. ಚೀಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಅಂದಿನಿಂದ ಗಂಟೆ ಬಾರಿಸುವ ಮೊದಲು ಕಣ್ಣು ಮುಚ್ಚಿ, "ಕರ್ತನೇ, ಇವರಿಗೆ ಬೇಗ ಬಿಡುಗಡೆ ಕೊಡು," ಎಂದು ಬೇಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಇತ್ತ ಹಾಸ್ಟೆಲ್ಲಿನ ನಲ್ಲಿಗಳಿಗೆ ಏನಾಯಿತೋ, ವಾರಕ್ಕೆ ಮೂರು ಸಲ ಕೆಡತೊಡಗಿದವು!

ರಿಪೇರಿ ಪುಸ್ತಕದಲ್ಲಿ ಅವಳು ಬರೆಯುವುದು, ಅವನು ಬರುವುದು. ಒಮ್ಮೆ ಕಿಟಕಿ ಜಾಮ್ ಆಗಿದೆ ಎಂದೂ ಬರೆದಳು.

"ಕಿಟಕಿ ಪ್ಲಂಬರ್ ಕೆಲಸ ಅಲ್ಲ, ಪುಣ್ಯಾತ್ಗಿತ್ತಿಯವರೇ."

"ಹೌದಾ? ನಂಗೆ ಗೊತ್ತೇ ಇರಲಿಲ್ಲ!"

"ಗೊತ್ತಿರಲಿಲ್ಲ ಬಿಡಿ ಪಾಪ," ಎಂದು ಅವನು ಕಿಟಕಿ ಸರಿಮಾಡಿದ.

ಭಾನುವಾರ ಮಧ್ಯಾಹ್ನ ಮಕ್ಕಳು ಮನೆಗೆ ಪತ್ರ ಬರೆಯುವ ಹೊತ್ತಿಗೆ ಸರಿಯಾಗಿ ಅವನು ಚೆನ್ನಾಗಿಯೇ ಇದ್ದ ಹೀಟರನ್ನು ನೋಡಲು ಬರುತ್ತಿದ್ದ. ಹಲ್ಲು ಬಿದ್ದವಳು ಪಕ್ಕದವಳಿಗೆ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಇವಳು ಗದರಿಸುವಂತೆ ನಟಿಸಿ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಎಂಟನೇ ವಾರ, ಬಟ್ಟೆ ಒಗೆಯುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವನು ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತಿದ್ದ.

"ಒಂದ್ ಮಾತು ಹೇಳ್ಬೇಕಿತ್ತು. ಇನ್ನೊಂದು ಊರಿನ ಆಸ್ಪತ್ರೆಲಿ ಕೆಲಸಕ್ಕೆ ಇಂಟರ್ವ್ಯೂ ಆಗಿದೆ. ಸಿಗೋ ಹಾಗಿದೆ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾ... ಯಾವಾಗ ಹಾಕಿದ್ರಿ ಅರ್ಜಿ?"

"ಟರ್ಮ್ ಶುರುವಾಗೋ ಮೊದಲೇ. ನಾಲ್ಕು ವರ್ಷ ಇದೇ ಪೈಪುಗಳ ಜೊತೆ ಒಬ್ಬನೇ ಮಾತಾಡ್ಕೊಂಡು ಸಾಕಾಗಿತ್ತು. ಪೆಟ್ಟಿಗೆಗೆ ಹಾಕೋ ಚೀಟಿಲೂ ಅದನ್ನೇ ಕೇಳಿದ್ದೆ. ಬೇರೆ ಕಡೆ ಕೆಲಸ ಸಿಗಲಿ, ಬೇಗ ಅಂತ. ಯಾರೋ ಬಿಡದೆ ಪ್ರಾರ್ಥನೆ ಮಾಡಿದಾರೆ ಅನ್ಸುತ್ತೆ!"

ಅವಳ ಕೈ ಏಪ್ರನ್ ಜೇಬಿನ ಚೀಟಿಯ ಮೇಲೆ ಹೋಯಿತು.

ನಾನು... ನಾನೇ! ದಿನಾ ಬೆಳಿಗ್ಗೆ ಎದ್ದು ಇವರನ್ನ ಇಲ್ಲಿಂದ ಕಳಿಸು ಅಂತ ಬೇಡಿದವಳು ನಾನೇ!

"ಒಳ್ಳೇದಾಯ್ತು," ಎಂದಳು. ಧ್ವನಿ ಯಾರದೋ ಆಗಿತ್ತು. "ಒಳ್ಳೇದಾಗ್ಲಿ ನಿಮಗೆ."

"ಅಷ್ಟೇನಾ?"

"ಮತ್ತೇನು ಹೇಳ್ಲಿ? ಮಕ್ಕಳು ಬರೋ ಹೊತ್ತಾಯ್ತು." ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು ಹೋದಳು. ಅವನು ಬೆಂಚಿನ ಮೇಲೆ ಒಬ್ಬನೇ ಉಳಿದ.

ಮರುದಿನ ಬೆಳಿಗ್ಗೆ ಚೀಟಿ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಒಪ್ಪಿಕೊಂಡ ಪ್ರಾರ್ಥನೆ, ಬಿಡುವಂತಿಲ್ಲ. ಮಾಡಿದರೆ ಅವನು ಹೋಗುತ್ತಾನೆ... ಕೊನೆಗೆ ಕಳ್ಳಿಯ ಹಾಗೆ ಪಿಸುಗುಟ್ಟಿದಳು. "ಕರ್ತನೇ, ಸಿಗದೇ ಇರಲಿ."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಆದರೆ ಮರುದಿನವೂ ಅದನ್ನೇ ಬೇಡಿದಳು. ಹನ್ನೊಂದು ದಿನ!

ಆ ಹನ್ನೊಂದು ದಿನವೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಜಡೆ ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕುವಳು. ಒಂದು ದಿನ ಊಟದ ಗಂಟೆಯನ್ನು ಹತ್ತು ನಿಮಿಷ ಮೊದಲೇ ಬಾರಿಸಿ ಇಡೀ ಶಾಲೆಯನ್ನು ಖಾಲಿ ತಟ್ಟೆಯ ಮುಂದೆ ಕೂರಿಸಿದಳು. ರಿಪೇರಿ ಪುಸ್ತಕದಲ್ಲಿ ಒಂದಕ್ಷರ ಬರೆಯಲಿಲ್ಲ. ಅವನ ಬೂಟಿನ ಸದ್ದಾದರೆ ಹಾಸಿಗೆ ಬಟ್ಟೆಯ ಕೋಣೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುವಳು. ಯಾವ ಮುಖ ಇಟ್ಟುಕೊಂಡು ಅವನನ್ನು ನೋಡುವುದು?

ಹನ್ನೆರಡನೇ ದಿನ ಮಧ್ಯಾಹ್ನ, ಹಾಸಿಗೆಯ ಚಾದರಗಳನ್ನು ಮಡಚುತ್ತಿದ್ದಾಗ ಹಾಸ್ಟೆಲ್ಲಿನ ಮೇಲ್ವಿಚಾರಕಿ ಮೇಟ್ರನ್ ಬಂದರು. ಮಕ್ಕಳು ಅವರನ್ನು ಕರೆಯುತ್ತಿದ್ದ ಹೆಸರನ್ನು ಕನ್ನಡಕ್ಕೆ ತಂದರೆ 'ದೊಡ್ಡಮ್ಮ' ಎಂದೇ ಆಗುತ್ತದೆ.

"ಪ್ಲಂಬರ್ ಎಲ್ಲಿಗೂ ಹೋಗ್ತಿಲ್ಲವಂತೆ," ಎಂದರು ದೊಡ್ಡಮ್ಮ, ಚಾದರದ ಇನ್ನೊಂದು ತುದಿ ಹಿಡಿಯುತ್ತಾ. "ಆ ಆಸ್ಪತ್ರೆ ಕೆಲಸದ ಮಾತು ಮುಗೀತಂತೆ. ಮುಖ ನೋಡ್ಬೇಕು ಅವನದು, ಪಾಪ."

ಅವಳ ಕೈಯಿಂದ ಚಾದರ ಜಾರಿತು.

ಫಲಿಸಿತು! ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷ ಒಂಟಿಯಾಗಿದ್ದವನು ಕೈಚಾಚಿ ಕೇಳಿದ್ದು ಒಂದೇ ಒಂದು. ಅದಕ್ಕೂ ಅಡ್ಡಗಾಲು ಹಾಕಿದೆನಲ್ಲ!

ಅಳು ತಡೆಯಲಾಗದೆ ಎಲ್ಲವನ್ನೂ ದೊಡ್ಡಮ್ಮನ ಮುಂದೆ ಒದರಿಬಿಟ್ಟಳು.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಮುಂದೆ ಹಿಡಿದರು. 'ನನ್ನ ಮನಸ್ಸು ಒಂದು ಕಡೆ ನಿಲ್ಲಲಿ.'

"ಇದು ನಿಂದೇ ಅಂತ ನಂಗೆ ಎರಡನೇ ವಾರಕ್ಕೇ ಗೊತ್ತಾಯ್ತು. ಅದು ಎಲ್ಲಿ ನಿಂತಿದೆ ಅಂತಾನೂ ಗೊತ್ತಾಯ್ತು. ನನ್ನ ಹತ್ರ ಅತ್ತು ಏನು ಪ್ರಯೋಜನ? ಹೋಗು, ಅವನ ಹತ್ರ ಹೇಳು. ಚಾದರ ನಾನು ಮಡಚ್ತೀನಿ."

ಬಾಯ್ಲರ್ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಬಗ್ಗಿ ಏನೋ ಬಿಗಿ ಮಾಡುತ್ತಿದ್ದ. ಅವಳನ್ನು ಕಂಡು ನೆಟ್ಟಗಾದ, ಆದರೆ ನಗಲಿಲ್ಲ.

"ನಲ್ಲಿ ಕೆಟ್ಟಿದ್ಯಾ?"

"ಇಲ್ಲ." ಅವಳು ಚೀಟಿಯನ್ನು ಮುಂದೆ ಚಾಚಿದಳು. "ಇದು ನನಗೆ ಬಂದಿತ್ತು."

ಅವನು ಓದಿದ. ಮುಖ ಕಪ್ಪಿಟ್ಟಿತು. "ಓಹೋ... ನಾನು ತೊಲಗ್ಲಿ ಅಂತ ಬೇಡ್ತಿದ್ದೋರು ನೀವೇನಾ?"

"ನಿಮ್ಮದು ಅಂತ ಗೊತ್ತಿರಲಿಲ್ಲ! ಗೊತ್ತಾದ ದಿನದಿಂದ..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಗೊತ್ತಾದ ದಿನದಿಂದ ಉಲ್ಟಾ ಬೇಡ್ಕೊಂಡೆ. ನಿಮಗೆ ಆ ಕೆಲಸ ಸಿಗಬಾರದು ಅಂತ. ನೀವು ಹೋಗಬಾರದು ಅಂತ. ನಿಮ್ಮ ಕೆಲಸ ತಪ್ಪಿದ್ದು ನನ್ನಿಂದ. ಬೈಯ್ರಿ, ಎಷ್ಟು ಬೇಕಾದ್ರೂ ಬೈಯ್ರಿ. ಅರ್ಥ ಆಗುತ್ತೆ ನಂಗೆ."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಅವಳಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಆದರೆ ಜೀವನದಲ್ಲಿ ಮೊದಲ ಸಲ ಕಾಲು ಕದಲಲಿಲ್ಲ.

"ಕೆಲಸ ಸಿಕ್ಕಿತ್ತು," ಎಂದ ಅವನು.

"ಆಂ?"

"ಸಿಕ್ಕಿತ್ತು ಕಣ್ರೀ. ಹೋದ ಶುಕ್ರವಾರ ಪತ್ರ ಬಂತು. ನಾನೇ ಬೇಡ ಅಂದೆ."

"ಯಾಕೆ?"

"ಆ ಆಸ್ಪತ್ರೇಲಿ ವಾಲ್ವ್ ಉಲ್ಟಾ ತಿರುಗಿಸೋರು ಯಾರೂ ಇಲ್ಲ ಅಂತ!" ನಗಲು ನೋಡಿದ, ಆಗಲಿಲ್ಲ. "ಬೇಡ ಅಂತ ಹೇಳಿ ಓಡಿ ಬಂದ್ರೆ, ನೀವು ನನ್ನ ಕಂಡು ಬಾಗಿಲು ಹಾಕ್ಕೊಂಡ್ರಿ. ಆವತ್ತು ಬೆಂಚಿಂದ ಎದ್ದು ಹೋದ್ಮೇಲೆ ಹನ್ನೊಂದು ದಿನ ಮುಖ ತೋರಿಸಿಲ್ಲ. ನಂದೇ ಹುಚ್ಚು ಅನ್ಕೊಂಡೆ. ಜಾಗ ಇನ್ನೂ ಖಾಲಿ ಇದ್ಯಾ ಅಂತ ಕೇಳೋಕೆ ನಾಳೆ ಫೋನ್ ಮಾಡೋನಿದ್ದೆ."

"ಮಾಡ್ಬೇಡಿ!"

ಕೂಗು ಅವಳಿಗೇ ಹೆಚ್ಚಾಯಿತೆನಿಸಿತು. ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಸ್ವಲ್ಪ ಹಿಂಜರಿದು, ಅವಳ ಕೈ ಹಿಡಿದ. ಗ್ರೀಸು ಪೂರ್ತಿ ಹೋಗಿರಲಿಲ್ಲ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಮೊದಲು ಸಿಗಲಿ ಅಂದ್ರಿ, ಸಿಕ್ತು. ಆಮೇಲೆ ಹೋಗಬಾರದು ಅಂದ್ರಿ, ಹೋಗ್ಲಿಲ್ಲ," ಎಂದ ಮೆಲ್ಲಗೆ. "ಎರಡೂ ನಡೆಸಿಕೊಡೋ ಹೊತ್ತಿಗೆ ದೇವರಿಗೆ ಎಷ್ಟು ಕಷ್ಟ ಆಗಿರಬೇಡ!"

ಅವಳು ಅಳುತ್ತಲೇ ನಕ್ಕಳು.

"ಮುಂದಿನ ಟರ್ಮಿಗೆ ಏನು ಬರೀತೀರಿ ಚೀಟಿಲಿ?" ಎಂದು ಕೇಳಿದ ಅವನು.

"ನಾನು ಪೆಟ್ಟಿಗೆಗೆ ಹಾಕಲ್ಲ. ನಿಮ್ಮ ಕೈಗೇ ಕೊಡ್ತೀನಿ."

"ಏನಂತ ಬರೆದು?"

"ನನ್ನ ಮಂಚದ ಕೆಳಗೆ ಒಂದು ಸೂಟ್‌ಕೇಸ್ ಇದೆ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಇವತ್ತು ಅದನ್ನ ಖಾಲಿ ಮಾಡ್ತೀನಿ. ಬಟ್ಟೆ ತೂಗುಹಾಕೋಕೆ ಗೋಡೆಗೆ ನಾಲ್ಕು ಮೊಳೆ ಬೇಕು."

"ಮೊಳೆ ಹೊಡೆಯೋದು ಪ್ಲಂಬರ್ ಕೆಲಸ ಅಲ್ಲ, ಪುಣ್ಯಾತ್ಗಿತ್ತಿ."

"ಹೌದಾ? ನಂಗೆ ಗೊತ್ತೇ ಇರಲಿಲ್ಲ!"

ಅವನು ಆಗಲೇ ಸುತ್ತಿಗೆ ಹುಡುಕುತ್ತಿದ್ದ.